ಠಾಣೆಯಿಂದ ದಿಕ್ಕು ಮತ್ತು ದೂರ

ಹೋದ ತಿಂಗಳು ಸಾಗರದಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರು, ಒಂದಷ್ಟು ಡಿಗ್ರಿ ಕಾಲೇಜಿನ ಹುಡುಗ್ರು ಹುಡುಗೀರು ಸೇರಿದ್ದ ಕಾರ್ಯಕ್ರಮದಲ್ಲಿ ನಾನು ಮಾತಾಡಿದ್ದು ಇದು. ಯಾರೋ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರು, ಅದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಮಧ್ಯೆ ಕರೆಂಟ್ ಹೋಗಿ ಹತ್ತು ನಿಮಿಷ ಮೈಕಿಲ್ದೆ ಕೂಗಾಡಿದ್ದು ಅದ್ರಲ್ಲಿ ಸರಿಯಾಗಿ ಕೇಳಲ್ಲ, ಅಷ್ಟನ್ನ ನೆನಪಿನ ಮೇಲೆ ಸೇರ್ಸಿದೀನಿ.

ನಮಸ್ಕಾರ. ನಾನು ಭಾಷಣ ಮಾಡೋನಲ್ಲ ಮಾರಾಯ್ರೆ, ಬೇರೆಯೋರು ಮಾತಾಡಿದ್ದನ್ನ ಬರ್ಕೊಂಡು ಬದುಕಿದೋನು. ಶಿವಮೊಗ್ಗ ಚಿಕ್ಕಮಗಳೂರು ಎರಡೂ ಜಿಲ್ಲೆಯ ಕೋರ್ಟುಗಳಲ್ಲಿ 31 ವರ್ಷ ಗುಮಾಸ್ತನ ಕೆಲಸ, ಕೊನೇಗೆ ಶಿರಸ್ತೇದಾರ ಆಗಿ ರಿಟೈರ್ ಆದೆ, ಈಗ ಕಾನೂನು ಸೇವಾ ಸಮಿತಿಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ ಅಂತ ಅರ್ಜಿ ಗಿರ್ಜಿ ಬರ್ಕೊಡ್ತಾ ಇದೀನಿ. ಈ ವಿಷಯದ ಬಗ್ಗೆ ಮಾತಾಡೋಕೆ ನನ್ನನ್ನೇ ಎಂತಕ್ಕೆ ಕರೆದ್ರಿ ಅಂತ ಕೇಳಿದೆ, ವಕೀಲರು ಯಾರೂ ಸಿಗ್ಲಿಲ್ಲ ಅಂದ್ರು. ಸರಿ ಬಿಡಿ.

ವಿಷಯ ಏನಪ್ಪ ಅಂದ್ರೆ ಅಪರಾಧ ಆದಾಗ ದೇಶದಲ್ಲಿ ಯಾರ್ಯಾರಿಗೆ ಹ್ಯಾಗ್ಹ್ಯಾಗೆ ಏಟು ಬೀಳತ್ತೆ ಅಂತ. ಇದನ್ನ ನಾನು ಒಂದು ಎಫ್‌ಐಆರ್ ಹಾಳೆ ಇಟ್ಕೊಂಡೇ ಹೇಳ್ತೀನಿ, ಎಂತಕ್ಕೆ ಅಂದ್ರೆ ನಂಗೆ ಗೊತ್ತಿರೋದು ಅದೊಂದೇ. ಎಫ್‌ಐಆರ್ ಅಂದ್ರೆ ಎಲ್ರೂ ನೋಡೋದು ಸೆಕ್ಷನ್ ಯಾವುದು, ಆರೋಪಿ ಯಾರು ಅಂತ. ಆದ್ರೆ ಆ ಫಾರಂನಲ್ಲಿ ಇನ್ನೊಂದೆರಡು ಕಾಲಂ ಇದೆ, ಯಾರೂ ಓದಲ್ಲ. ಒಂದು, ಕೃತ್ಯ ನಡೆದ ಜಾಗಕ್ಕೆ ಠಾಣೆಯಿಂದ ದಿಕ್ಕು ಮತ್ತು ದೂರ. ಇನ್ನೊಂದು, ಫಿರ್ಯಾದಿ ತಡವಾಗಿ ಬಂದಿದ್ರೆ ತಡವಾದದ್ದಕ್ಕೆ ಕಾರಣ. ಮತ್ತೆ ಕಳವಾದ ಸ್ವತ್ತಿನ ಒಟ್ಟು ಬೆಲೆ ಅಂತ ಒಂದಿದೆ. ಬ್ರಿಟಿಷರ ಕಾಲದ ಬುದ್ಧಿ ಇದು, ಪೊಲೀಸರ ಅನುಕೂಲಕ್ಕೆ ಮಾಡಿದ್ದು. ಆದ್ರೆ 31 ವರ್ಷ ಫೈಲ್ ತಿರುವಿದ ಮೇಲೆ ನಂಗೆ ಅನ್ಸಿದ್ದು, ನೊಂದವರ ಕಥೆ ಪೂರ್ತಿ ಇರೋದು ಈ ಸಣ್ಣ ಕಾಲಂಗಳಲ್ಲೇ.

ದೂರ ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾ? ಇಲ್ಲಿ ತುಮರಿ ಕಡೆಯೋರು ಯಾರಾದ್ರೂ ಇದೀರಾ? (ಹಿಂದೆ ನಾಲ್ಕೈದು ಜನ ಕೈ ಎತ್ತಿದ್ರು.) 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ರು, ನಾಡಿಗೆಲ್ಲ ಬೆಳಕು ಬಂತು, ತುಮರಿ ಸೇರಿ ಕರೂರು ಬಾರಂಗಿ ಹೋಬಳಿ ನೀರಿನ ಆಚೆ ಉಳೀತು. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಶುರುವಾಗಿದ್ದು 2025ರ ಜುಲೈಯಲ್ಲಿ. ಅಲ್ಲಿವರೆಗೆ, ಸಂಜೆ ಲಾಂಚ್ ನಿಂತ ಮೇಲೆ ಒಂದು ಹೆಂಗಸಿಗೆ ಮನೇಲಿ ಹೊಡೆತ ಬಿತ್ತು ಅಂದ್ರೆ ಆಕೆ ಬೆಳಗಾಗೋ ತನಕ ಎಲ್ಲಿ ಹೋಗ್ಬೇಕಿತ್ತು? ಅದೇ ಮನೇಲಿ, ಹೊಡೆದೋನ ಜೊತೇಲೇ ಇರ್ಬೇಕಿತ್ತು. ಅದೇ ಏಟು ಶಿವಮೊಗ್ಗ ಪೇಟೇಲಿ ಬಿದ್ದಿದ್ರೆ ಆಟೋ ಹತ್ತಿ ಹತ್ತು ನಿಮಿಷಕ್ಕೆ ಮೆಗ್ಗಾನ್ ಆಸ್ಪತ್ರೆ. ಏಟು ಒಂದೇ, ಸೆಕ್ಷನ್ ಒಂದೇ, ಕೋರ್ಟಲ್ಲಿ ಇಬ್ಬರಿಗೂ ಪಿಡಬ್ಲ್ಯೂ-1, ಅಂದ್ರೆ ಸರ್ಕಾರದ ಕಡೆಯ ಮೊದಲನೇ ಸಾಕ್ಷಿ, ಅಂತಲೇ ಹೆಸರು.

ಈಗ ಸ್ವಲ್ಪ ಅಂಕಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಬೇಗ ಮುಗಿಸ್ತೀನಿ. ದೆಹಲಿಯಲ್ಲಿ ಎನ್‌ಸಿಆರ್‌ಬಿ ಅಂತಿದೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, 1986ರಲ್ಲಿ ಶುರುವಾಗಿದ್ದು. ಅವರ 2022ರ ವರದಿ ಪ್ರಕಾರ ದೇಶದಲ್ಲಿ ದಾಖಲಾದ ಒಟ್ಟು ಕೇಸು 58 ಲಕ್ಷದ ಮೇಲೆ. ಅದ್ರಲ್ಲಿ ಹೆಂಗಸರ ಮೇಲಿನ ಅಪರಾಧ 4,45,256, ಮಕ್ಕಳ ಮೇಲೆ 1,62,449, ಪರಿಶಿಷ್ಟ ಜಾತಿಯವರ ಮೇಲೆ 57,582, ಪರಿಶಿಷ್ಟ ಪಂಗಡದವರ ಮೇಲೆ 10,064, ಹಿರಿಯ ನಾಗರಿಕರ ಮೇಲೆ 28,545. ಈ ಕೊನೇದು ನೋಡಿ. 2011ರ ಜನಗಣತಿ ಹೊತ್ತಿಗೇ 60 ದಾಟಿದೋರು 10 ಕೋಟಿಗಿಂತ ಜಾಸ್ತಿ ಇದ್ರು, ಅಷ್ಟು ಜನ ಮುದುಕ್ರಲ್ಲಿ ವರ್ಷಕ್ಕೆ ಇಪ್ಪತ್ತೆಂಟು ಸಾವಿರ ಚಿಲ್ಲರೆ ಕೇಸು ಅಂತೆ. ಯಾರ್ರೀ ನಂಬ್ತಾರೆ.

ಇನ್ನೊಂದು ತಮಾಷೆ ಇದೆ ಇದ್ರಲ್ಲಿ. ಒಂದು ಎಫ್‌ಐಆರ್‌ನಲ್ಲಿ ಐದು ಅಪರಾಧ ಇದ್ರೆ ಅವರು ಲೆಕ್ಕಕ್ಕೆ ಹಿಡಿಯೋದು ಅದ್ರಲ್ಲಿ ಅತಿ ದೊಡ್ಡದು ಒಂದನ್ನೇ. ಅತ್ಯಾಚಾರ ಮಾಡಿ ಕೊಂದಿದ್ರೆ ಅದು ಕೊಲೆ ಲೆಕ್ಕಕ್ಕೆ ಹೋಗತ್ತೆ. ಮತ್ತೆ ಕೇರಳದಲ್ಲಿ ಕ್ರೈಂ ರೇಟ್ ಯಾವಾಗ್ಲೂ ಜಾಸ್ತಿ ಕಾಣತ್ತೆ, ಅಲ್ಲಿನೋರು ಕೆಟ್ಟೋರು ಅಂತಲ್ಲ, ಅಲ್ಲಿ ಜನ ಠಾಣೆ ಮೆಟ್ಟಿಲು ಹತ್ತುತಾರೆ, ಹತ್ತಿದೋರ ದೂರು ಬರ್ಕೊಳ್ತಾರೆ ಅಂತ ಅರ್ಥ. ಅಂಕಿ ಕಮ್ಮಿ ಇರೋ ಕಡೆ ನೆಮ್ಮದಿ ಇದೆ ಅಂತ ತಿಳ್ಕೋಬೇಡಿ.

ಅಮೆರಿಕದಲ್ಲಿ 1973ರಿಂದ ಮನೆಮನೆಗೆ ಹೋಗಿ ನಿಮಗೆ ಏನಾದ್ರೂ ಆಗಿತ್ತಾ, ಪೊಲೀಸರಿಗೆ ಹೇಳಿದ್ರಾ ಅಂತ ಕೇಳೋ ಸರ್ವೆ ಇದೆ. ನಮ್ಮಲ್ಲಿ ಹಾಗೆ ಕೇಳೋದು ಅಂದ್ರೆ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರನ್ನ ಮಾತ್ರ, ಅದೂ ಮುಖ್ಯವಾಗಿ ಮನೆಯೊಳಗಿನ ಹೊಡೆತದ ಬಗ್ಗೆ. 2019ರಿಂದ 21ರ ಸುತ್ತಿನಲ್ಲಿ ದೇಶಕ್ಕೆ ಲೆಕ್ಕ ಹಾಕಿದ್ರೆ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 29 ಜನ ಗಂಡನ ಕೈಲಿ ಹಿಂಸೆ ಕಂಡಿದೀವಿ ಅಂದಿದಾರೆ, ನಮ್ಮ ಕರ್ನಾಟಕದಲ್ಲಿ 44. ದೇಶಕ್ಕೇ ಫಸ್ಟ್ ನಾವು. ಅದ್ರ ಹಿಂದಿನ ಸುತ್ತಲ್ಲಿ 20ರ ಆಸುಪಾಸಿತ್ತು. ಐದು ವರ್ಷದಲ್ಲಿ ಗಂಡಸರು ಒಮ್ಮೆಗೇ ಎರಡು ಪಟ್ಟು ಕೆಟ್ಟುಹೋದ್ರಾ, ಇಲ್ಲ ಹೆಂಗಸರು ಬಾಯಿ ಬಿಟ್ರಾ, ಎರಡೂ ಸೇರಿತಾ, ನೀವೇ ಹೇಳಿ. ದೇಶದಲ್ಲಿ ಹೀಗೆ ಹಿಂಸೆ ಕಂಡೋರಲ್ಲಿ ಯಾರದ್ದಾದ್ರೂ ಸಹಾಯ ಕೇಳಿದೋರು ನೂರಕ್ಕೆ 14 ಜನ, ಅದ್ರಲ್ಲೂ ತವರಿನೋರ ಹತ್ರ ಹೇಳ್ಕೊಂಡೋರೇ ಜಾಸ್ತಿ. ಠಾಣೆಗೆ ಹೋದೋರನ್ನ ಬೆರಳಲ್ಲಿ ಎಣಿಸ್ಬಹುದು.

ಅಂಕಿ ಮುಗೀತು. ಈಗ ಬಸ್ಸಿನ ವಿಷ್ಯ.

ಒಂದು ಪೋಕ್ಸೊ ಕೇಸು, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದು. ಊರು ಹೇಳಲ್ಲ, ವರ್ಷಾನೂ ಹೇಳಲ್ಲ, ಕಾನೂನೇ ಹೇಳ್ಬಾರ್ದು ಅನ್ನತ್ತೆ. ಹುಡುಗಿಗೆ ಹದಿನಾಲ್ಕು. ಆರೋಪಿ ಅಕ್ಕಪಕ್ಕದ ಮನೆಯೋನು, ಅಪ್ಪನ ಸ್ನೇಹಿತ. ಇದ್ರಲ್ಲೇನೂ ಆಶ್ಚರ್ಯ ಇಲ್ಲ, ದೇಶದ ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಗುರುತಿನೋರೇ ಮಾಡಿರ್ತಾರೆ. ನಾವು ಹೆಣ್ಮಕ್ಕಳಿಗೆ ಕತ್ತಲಲ್ಲಿ ಹೊರಗೆ ಹೋಗ್ಬೇಡ ಅಂತೀವಿ, ಕಾಫಿ ಕುಡಿಯೋಕೆ ಬಂದು ಜಗಲಿ ಮೇಲೆ ಕೂತೋನ ಬಗ್ಗೆ ಏನೂ ಹೇಳಲ್ಲ.

ಪೋಕ್ಸೊ ಕಾನೂನು 2012ರದ್ದು, ಒಳ್ಳೆ ಕಾನೂನು ನಾನು ಹೇಳ್ತೀನಿ. ಮಗುವಿನ ಹೇಳಿಕೆ ಮನೇಲೇ ಇಲ್ಲ ಮಗು ಹೇಳಿದ ಜಾಗದಲ್ಲಿ ತಗೋಬೇಕು, ಪೊಲೀಸರು ಯೂನಿಫಾರಂ ಹಾಕಿರ್ಬಾರ್ದು, ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳ್ಬಾರ್ದು, ಆದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗೀಬೇಕು. ಎಲ್ಲಾ ಬರೆದಿದೆ. ನಮ್ಮ ಕೋರ್ಟಲ್ಲೂ ಪರದೆ ಹಾಕಿದ್ವಿ, ಹಸಿರು ಬಟ್ಟೆ, ನಾನೇ ಕಂಬಿ ಸಿಕ್ಸಿದ್ದೆ. ಹುಡುಗಿ ಬಂದ್ಲು, ನಿಂತ್ಲು, ಒಂದು ಮಾತೂ ಆಡ್ಲಿಲ್ಲ. ಜಡ್ಜು ನೀರು ಕೊಡ್ಸಿದ್ರು, ಸರ್ಕಾರಿ ವಕೀಲರು ಪಿಪಿ ಮೇಡಂ ಕೆಳಗಿಳಿದು ಹೋಗಿ ಪಕ್ಕದಲ್ಲಿ ಕೂತ್ರು. ಊಹುಂ. ವಾಯ್ದೆ ಹಾಕಿದ್ರು. ಹೊರಗೆ ಬೆಂಚ್ ಮೇಲೆ ಕೂತಿದ್ದ ಅವ್ಳ ಅಮ್ಮನ್ನ ನಾನು ಎಂತಕ್ಕಮ್ಮ ಹಿಂಗೆ ಅಂತ ಕೇಳಿದೆ. ಆಕೆ ಹೇಳಿದ್ದು ಇಷ್ಟು, ನಮ್ಮೂರಿಂದ ಬೆಳಗ್ಗೆ ಇರೋದು ಒಂದೇ ಬಸ್ಸಲ್ವಾ ಸಾರ್, ಅವನೂ ಅದ್ರಲ್ಲೇ ಬಂದ, ನಮ್ಮ ಹಿಂದಿನ ಸೀಟು.

ಎರಡೂವರೆ ತಾಸು ಆ ಮಗು ಅವನ ಉಸಿರು ಕೇಳ್ತಾ ಬಂದಿದೆ. ನಾವು ಒಳಗೆ ಹಸಿರು ಪರದೆ ಕಟ್ಟಿದೀವಿ.

ಬೇಲ್ ಮೇಲಿದ್ದ ಅವನು, ಕೋರ್ಟಿಗೆ ಬರ್ಲೇಬೇಕು, ಬಸ್ಸಿಗೆ ಹತ್ಬೇಡ ಅನ್ನೋಕಾಗಲ್ಲ, ಹಾಗಾಗಿ ಅವನದ್ದೂ ತಪ್ಪು ಅನ್ನಂಗಿಲ್ಲ. ಸಿಟೀಲಿ ಕೂತು ಕಾನೂನು ಬರೆದೋರಿಗೆ ಒಂದೇ ಬಸ್ಸಿರೋ ಊರು ಹೊಳೀಲಿಲ್ಲ, ಅಷ್ಟೇ. ಮುಂದಿನ ವಾಯ್ದೆಗೆ ಅಮ್ಮ ಮಗಳು ನಸುಕಲ್ಲೇ ಎದ್ದು ಟಾರ್ಚ್ ಹಿಡ್ಕೊಂಡು ಕಾಡುದಾರೀಲಿ ಮೂರು ಕಿಲೋಮೀಟರ್ ನಡೆದು ಇನ್ನೊಂದು ರೋಡಿಗೆ ಬಂದು ಬೇರೆ ಬಸ್ ಹಿಡಿದ್ರು, ಮಳೆಗಾಲ ಅದು, ಇಂಬಳ ಕಚ್ಚಿ ಹುಡುಗಿ ಕಾಲಲ್ಲಿ ರಕ್ತ ಇಳೀತಿತ್ತು, ಅವತ್ತು ಅವಳು ಎಲ್ಲಾ ಹೇಳಿದ್ಲು. ಅವನಿಗೆ ಶಿಕ್ಷೆಯಾಯ್ತು. ಹುಡುಗಿಗೂ ಆಯ್ತು ಅನ್ನಿ, ಮನೆಯೋರು ಮುಂದಿನ ವರ್ಷ ಶಾಲೆ ಬಿಡಿಸಿದ್ರು. ಇದನ್ನ ನಾನು ತುಂಬಾ ಸಲ ನೋಡಿದೀನಿ, ಕೋರ್ಟು ಆರೋಪಿಗೆ ಶಿಕ್ಷೆ ಕೊಡೋಕೆ ಮುಂಚೇನೇ ಮನೆಯೋರು ನೊಂದೋರಿಗೆ ಕೊಟ್ಟಾಗಿರತ್ತೆ. ಹುಡುಗಿಗೆ ಮೊಬೈಲ್ ಕಟ್, ಕಾಲೇಜ್ ಕಟ್. ಇದು ಯಾವ ವರದೀಲೂ ಬರಲ್ಲ.

(ಇಲ್ಲಿ ಕರೆಂಟ್ ಹೋಯ್ತು.)

ಬೆಲೆಯ ಕಾಲಂಗೆ ಬರ್ತೀನಿ. ಅಡಿಕೆ ಕಳ್ಳತನ ನಿಮಗೆಲ್ಲ ಗೊತ್ತಿರೋದೇ. ಕ್ವಿಂಟಾಲಿಗೆ ಐವತ್ತು ಸಾವಿರದ ಆಚೀಚೆ ಆದಾಗಿಂದ ಅಂಗಳದಲ್ಲಿ ಒಣಗಾಕಿದ್ದೂ ಬಿಡಲ್ಲ, ಮರದಲ್ಲಿರೋ ಹಸಿ ಕೊನೇನೂ ಬಿಡಲ್ಲ. ಇಪ್ಪತ್ತು ಎಕರೆ ತೋಟದೋರಿಗೆ ಎರಡು ಕ್ವಿಂಟಾಲ್ ಹೋದ್ರೆ ಹೊಟ್ಟೆ ಉರೀತದೆ, ಠಾಣೆಗೆ ಫೋನ್ ಮಾಡ್ತಾರೆ, ಜೀಪ್ ಬರತ್ತೆ, ಸಿಸಿ ಕ್ಯಾಮೆರಾ ಹಾಕಿಸ್ತಾರೆ, ಮುಂದಿನ ವರ್ಷಕ್ಕೆ ಮರೀತಾರೆ. ತಪ್ಪು ಅಂತಿಲ್ಲ, ಅವರೂ ಕಳ್ಕೊಂಡೋರೇ. ಅರ್ಧ ಎಕರೆಯೋನಿಗೆ ಅದೇ ಎರಡು ಕ್ವಿಂಟಾಲ್ ಅಂದ್ರೆ ಸೊಸೈಟಿ ಸಾಲ, ಮಗಳ ಫೀಸು, ಎಲ್ಲಾ ಅದೇ.

ಅದೂ ಇರ್ಲಿ. ಹೋದ ಮಳೆಗಾಲದ ಮುಂಚೆ ಒಂದು ಅಜ್ಜಿ ನನ್ನ ಹತ್ರ ಬಂದ್ರು, ಹಸಲರ ಕೇರಿಯೋರು. ಊರಲ್ಲಿ ಮಾರಿಜಾತ್ರೆ ಹತ್ರ ಇತ್ತು, ನಾಟಿ ಕೋಳಿಗೆ ಒಳ್ಳೆ ರೇಟು. ಅಜ್ಜಿ ಒಂಬತ್ತು ಕೋಳಿ ಸಾಕಿದ್ರು, ರಾತ್ರಿ ಗೂಡಿನ ಬಾಗಿಲು ಮುರಿದು ಒಂಬತ್ತೂ ಹೊತ್ಕೊಂಡು ಹೋಗಿದಾರೆ. ಯಾರು ಅಂತ್ಲೂ ಅಜ್ಜಿಗೆ ಅಂದಾಜಿದೆ. ಠಾಣೆಗೆ ಹೋದ್ರು. ಬೆಲೆ ಎಷ್ಟಮ್ಮ ಅಂದ್ರು. ಒಂದಕ್ಕೆ ನಾನೂರೈವತ್ತು ಹಿಡೀರಿ ಅಂದ್ರು ಅಜ್ಜಿ, ನಾಲ್ಕು ಸಾವಿರದ ಐವತ್ತಾಯ್ತು.

ಈಗ ಕೇಳಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂತಲ್ಲ, ಭಾರತೀಯ ನ್ಯಾಯ ಸಂಹಿತೆ, ಹಳೇ ಐಪಿಸಿಯ ಸೆಕ್ಷನ್ 379 ಹೋಗಿ ಕಳ್ಳತನಕ್ಕೆ 303 ಆಯ್ತು. ಅದ್ರಲ್ಲಿ ಐದು ಸಾವಿರ ರೂಪಾಯಿಗಿಂತ ಕಮ್ಮಿ ಬೆಲೆಯ ಕಳ್ಳತನ, ಮೊದಲನೇ ಸಲ ಸಿಕ್ಕಿಬಿದ್ದೋನು, ಮಾಲು ವಾಪಸ್ ಕೊಟ್ಟ ಅಂದ್ರೆ ಸಮುದಾಯ ಸೇವೆ ಶಿಕ್ಷೆ. ಆಸ್ಪತ್ರೆ ಗುಡಿಸು, ಗಿಡ ನೆಡು, ಆ ಥರ. ಹೊಟ್ಟೆಪಾಡಿಗೆ ಕದ್ದ ಬಡವನನ್ನ ಜೈಲಿಗೆ ಹಾಕ್ಬಾರ್ದು ಅನ್ನೋ ಉದ್ದೇಶ, ನಂಗೂ ಒಪ್ಪಿಗೆನೇ. ಆದ್ರೆ ಅದ್ರ ಜೊತೆಗೆ ಪ್ರಕ್ರಿಯೆಯ ಕಾನೂನಿನ ಪಟ್ಟೀಲಿ ಇದನ್ನ ಅಸಂಜ್ಞೇಯ ಅಂತ ಹಾಕಿಬಿಟ್ರು. ಅಸಂಜ್ಞೇಯ ಅಂದ್ರೆ ಪೊಲೀಸರು ತಾವಾಗೇ ತನಿಖೆ ಮಾಡಂಗಿಲ್ಲ, ಎನ್‌ಸಿ ಅಂತ ಪುಸ್ತಕದಲ್ಲಿ ಬರ್ಕೊಂಡು ಮ್ಯಾಜಿಸ್ಟ್ರೇಟರ ಹತ್ರ ಹೋಗಿ ಅಂತ ಕಳಿಸ್ಬೇಕು. ಹಂಗಾಗಿ ಪೇದೆ ಅಜ್ಜಿಗೆ ಕೋರ್ಟಿಗೆ ಹೋಗಮ್ಮ ಅಂದ. ಅವ್ನೂ ಕಾನೂನು ಪ್ರಕಾರನೇ ಹೇಳಿದ್ದು. ಕಳ್ಳನ ಬಡತನ ನೋಡಿದ ಕಾನೂನು ಕಳ್ಕೊಂಡೋರ ಬಡತನ ನೋಡ್ಲಿಲ್ಲ ನೋಡಿ. ಐದು ಸಾವಿರ ಅಂದ್ರೆ ಬೆಂಗಳೂರಲ್ಲಿ ಒಂದು ಸಂಜೆ ಹೋಟೆಲ್ ಬಿಲ್ಲು, ಅಜ್ಜಿಗೆ ಅದು ವರ್ಷದ ಗಂಟು. ಠಾಣೆಗೆ ಒಂದು ದಿನ, ನನ್ನ ಹತ್ರ ಒಂದು ದಿನ, ಕೋರ್ಟಿಗೆ ಎರಡು ದಿನ ಅಂತ ನಾಲ್ಕು ದಿನದ ಕೂಲಿ ಹೋಯ್ತು, ಇನ್ನೊಂದು ನಾಲ್ಕು ಕೋಳಿ ಹೋದಂಗೆ.

ಇನ್ನು ಜಾತಿ ವಿಷ್ಯ. ಇಲ್ಲಿ ಎಲ್ಲಾ ಜಾತಿಯೋರೂ ಕೂತಿದೀರಿ, ಆದ್ರೂ ಹೇಳ್ತೀನಿ, ಮುಖ ಗಂಟಾಕೋರು ಹಾಕ್ಕೊಳ್ಳಿ. ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ 1989ರದ್ದು. 2016ರಲ್ಲಿ ತಿದ್ದುಪಡಿ ಜಾರಿಗೆ ಬಂದ ಮೇಲೆ ನೊಂದವರ ಹಕ್ಕು ಅಂತಲೇ ಅದ್ರಲ್ಲಿ ಒಂದು ಅಧ್ಯಾಯ ಸೇರ್ತು, ರಕ್ಷಣೆ ಕೊಡ್ಬೇಕು, ಕೇಸು ಎಲ್ಲಿಗೆ ಬಂತು ಅಂತ ತಿಳಿಸ್ಬೇಕು. ಪರಿಹಾರ ಅಪರಾಧದ ಮೇಲೆ 85 ಸಾವಿರದಿಂದ 8.25 ಲಕ್ಷದವರೆಗೆ, ಕಂತು ಕಂತಾಗಿ. ಸಾಕ್ಷಿ ಹೇಳೋಕೆ ಬಂದೋರಿಗೆ ಬಸ್ ಚಾರ್ಜು, ಕೂಲಿ ಕೊಡ್ಬೇಕು ಅಂತಲೂ ನಿಯಮ ಇದೆ. ಈ ಬಸ್ ಚಾರ್ಜು ಕೇಳಿ ತಗೊಂಡೋರನ್ನ ನಾನು 31 ವರ್ಷದಲ್ಲಿ ಒಂದು ಕೈಬೆರಳಷ್ಟೂ ನೋಡಿಲ್ಲ, ಇದೆ ಅಂತ್ಲೇ ಗೊತ್ತಿರಲ್ಲ.

ಕಂಬಾಲಪಲ್ಲಿ ನೆನಪಿದೆಯಾ? ಹುಡುಗ್ರಿಗೆ ಗೊತ್ತಿರಲ್ಲ. 2000ನೇ ಇಸವಿ ಮಾರ್ಚ್ 11, ಆಗಿನ ಕೋಲಾರ ಜಿಲ್ಲೆ, ಏಳು ಜನ ದಲಿತರನ್ನ ಸುಟ್ಟುಹಾಕಿದ್ರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ, ಸಾಕ್ಷಿಗಳು ಉಲ್ಟಾ ಹೊಡೆದಿದ್ರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಅದೇ 2014ರಲ್ಲಿ ಕೊಪ್ಪಳ ಜಿಲ್ಲೆ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು, ಅಲ್ಲಿ ಹತ್ತು ವರ್ಷ ಆದ ಮೇಲೆ 2024ರ ಅಕ್ಟೋಬರಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಕೊಟ್ಟಿತು. ದೊಡ್ಡ ಸುದ್ದಿ ಆಯ್ತು. ನಾನು ಪೇಪರ್ ಓದುವಾಗ ಯೋಚ್ನೆ ಮಾಡಿದ್ದು ಆ ಹತ್ತು ವರ್ಷ ಅವರು ಹಿಟ್ಟಿನ ಗಿರಣಿಗೆ ಯಾವ ದಾರೀಲಿ ಹೋದ್ರು, ಕೂಲಿಗೆ ಯಾರು ಕರೆದ್ರು, ರೇಷನ್ ಅಂಗಡೀಲಿ ಕ್ಯೂ ನಿಂತಾಗ ಮುಂದೆ ಯಾರಿದ್ರು, ಹಿಂದೆ ಯಾರಿದ್ರು ಅಂತ. ಸಾಕ್ಷಿ ಉಲ್ಟಾ ಹೊಡೆದ ಅಂತ ನಾವು ಸುಲಭಕ್ಕೆ ಹೇಳ್ತೀವಿ, ದುಡ್ಡು ತಿಂದ ಅಂತೀವಿ. ಉಲ್ಟಾ ಹೊಡೆದೋರನ್ನ ಕಟಕಟೆಯಲ್ಲಿ ಎದುರಿಗೆ ನೋಡಿದೀನಿ ನಾನು. ಬಹಳಷ್ಟು ಸಲ ಅದು ದುಡ್ಡಲ್ಲ, ನಾಳೆ ಬೆಳಗ್ಗೆ ಎದ್ದು ಯಾರ ತೋಟಕ್ಕೆ ಹೋಗ್ಬೇಕು ಅನ್ನೋದು.

ನಮ್ಮ ಮಲೆನಾಡಿನ ಕಾಫಿ ತೋಟದ ಕಡೆ ಇದು ಇನ್ನೂ ಬಿಗಿ. ಲೈನ್ ಮನೆ ಗೊತ್ತಲ್ಲ, ತೋಟದ ಕೂಲಿಯೋರು ಇರೋ ಸಾಲುಮನೆ. ಕೆಲಸ ಧಣಿಯದ್ದು, ಮನೆ ಧಣಿಯದ್ದು, ಮನೆಗೆ ಹೋಗೋ ರಸ್ತೆ ಧಣಿಯದ್ದು, ಅಡ್ವಾನ್ಸ್ ಸಾಲ ಬೇರೆ. ಅಲ್ಲಿ ಮೇಲಿನೋರು ಯಾರೋ ಕೈ ಮಾಡಿದ್ರು ಅಂತ ದೂರು ಕೊಟ್ರೆ ಅದೇ ಸಂಜೆ ಪಾತ್ರೆಪಗಡ ಎತ್ಕೊಂಡು ಹೋಗ್ಬೇಕು. ಎಲ್ಲಾ ಧಣಿಗಳೂ ಹಂಗೆ ಅಂತಲ್ಲ, ತಾವೇ ಜೀಪಲ್ಲಿ ಕೂರಿಸ್ಕೊಂಡು ಠಾಣೆಗೆ ಕರ್ಕೊಂಡು ಬಂದೋರನ್ನೂ ನೋಡಿದೀನಿ. ಆದ್ರೆ ನ್ಯಾಯ ಧಣಿಯ ಒಳ್ಳೇತನದ ಮೇಲೆ ನಿಲ್ಬಾರ್ದಲ್ವಾ? ಈಗೀಗ ಅಸ್ಸಾಂ ಜಾರ್ಖಂಡಿಂದ ಬಂದೋರು ಲೈನ್ ಮನೇಲಿದಾರೆ, ಅವರಿಗೆ ಕನ್ನಡ ಬರಲ್ಲ, ಎಫ್‌ಐಆರ್ ಕನ್ನಡದಲ್ಲಿ, ಏನು ಬರೆದಿದೆ ಅಂತ ಗೊತ್ತಿಲ್ದೆ ಸಹಿ. ವಾಯ್ದೆ ಬರೋ ಹೊತ್ತಿಗೆ ಕೊಯ್ಲು ಮುಗ್ದು ವಾಪಸ್ ಹೋಗಿರ್ತಾರೆ, ಸಮನ್ಸ್ ವಿಳಾಸದಲ್ಲಿಲ್ಲ ಅಂತ ಷರಾ ಬರೆದು ವಾಪಸ್ ಬರತ್ತೆ. ಅಂಥ ಷರಾ ಬಿದ್ದ ಸಮನ್ಸುಗಳನ್ನ ನಾನೇ ಫೈಲಿಗೆ ಹೊಲಿದಿದೀನಿ.

ವಯಸ್ಸಾದೋರ ಬಗ್ಗೆ ಹೇಳ್ಬೇಕು, ಇದು ನಮ್ಮ ಮನೇದೇ ಕಥೆ. ಮಲೆನಾಡಲ್ಲಿ ಈಗ ಮನೆಗೆ ಇಬ್ರೇ, ಅಪ್ಪ ಅಮ್ಮ, ಮಕ್ಕಳು ಬೆಂಗಳೂರು, ಇಲ್ಲ ಇನ್ನೂ ದೂರ. ಮನೆ ಅಂದ್ರೆ ಒಂಟಿ ಮನೆ, ಪಕ್ಕದ ಮನೆಗೆ ಕೂಗಿದ್ರೆ ಕೇಳಲ್ಲ. ನಮ್ಮ ಭಾವ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದೋರು, ಊರಲ್ಲಿ ಯಾರಿಗೆ ಅರ್ಜಿ ಬರೀಬೇಕಾದ್ರೂ ಅವರ ಹತ್ರನೇ ಹೋಗ್ತಿದ್ರು. ಒಂದು ದಿನ ವಾಟ್ಸಾಪಲ್ಲಿ ವಿಡಿಯೊ ಕಾಲ್, ಯೂನಿಫಾರಂ ಹಾಕಿದೋನು, ಹಿಂದೆ ಬಾವುಟ, ಗಾಂಧಿ ಫೋಟೋ. ನಿಮ್ಮ ಆಧಾರ್ ಮೇಲೆ ಪಾರ್ಸೆಲ್ ಸಿಕ್ಕಿದೆ, ಡ್ರಗ್ಸ್ ಇದೆ, ನೀವು ಡಿಜಿಟಲ್ ಅರೆಸ್ಟ್ ಆಗಿದೀರಿ, ಯಾರಿಗೂ ಹೇಳಂಗಿಲ್ಲ, ಫೋನ್ ಕಟ್ ಮಾಡಂಗಿಲ್ಲ. ಎರಡು ದಿನ ರೀ. ಎರಡು ದಿನ ಭಾವ ಒಳಕೋಣೇಲಿ ಕೂತಿದ್ರು. ಅಕ್ಕ ಕೊಟ್ಟಿಗೆ ಕೆಲಸ ಒಬ್ಳೇ ಮಾಡ್ಕೊಂಡು ಮಗನ ಜೊತೆ ಮಾತಾಡ್ತಿದಾರೆ ಅನ್ಕೊಂಡಿದ್ಲು, ಊಟ ಬಾಗಿಲಲ್ಲಿಟ್ಟು ಬಂದಿದ್ಲು. ಮೂರನೇ ದಿನ ಬ್ಯಾಂಕಿಗೆ ಹೋಗಿ ಅಡಿಕೆ ಮಾರಿದ್ದು, ಪೆನ್ಷನ್ ಉಳಿಸಿದ್ದು ಎಲ್ಲಾ ಸೇರಿಸಿ ಕಳಿಸಿದ್ರು. ಎಷ್ಟು ಅಂತ ಹೇಳಲ್ಲ, ಅವರಿಗೆ ಬೇಜಾರಾಗತ್ತೆ. ಬ್ಯಾಂಕಲ್ಲಿ ಯಾರೂ ಇಷ್ಟು ದುಡ್ಡು ಎಂತಕ್ಕೆ ಮೇಷ್ಟ್ರೆ ಅಂತ ಕೇಳ್ಲಿಲ್ಲ.

ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಯಾವ ಕಾನೂನಲ್ಲೂ ಇಲ್ಲ. ಬರ್ಕೊಳ್ಳಿ. ಪೊಲೀಸರಾಗ್ಲಿ ಕೋರ್ಟಾಗ್ಲಿ ವಿಡಿಯೊ ಕಾಲಲ್ಲಿ ಅರೆಸ್ಟ್ ಮಾಡಲ್ಲ. 2024 ಒಂದೇ ವರ್ಷ ಸೈಬರ್ ವಂಚನೇಲಿ ದೇಶದ ಜನ ಕಳ್ಕೊಂಡಿದ್ದು 22,845 ಕೋಟಿ ಅಂತ ಸರ್ಕಾರನೇ ಲೋಕಸಭೇಲಿ ಹೇಳಿದೆ, ಅದ್ರ ಹಿಂದಿನ ವರ್ಷಕ್ಕಿಂತ ಮೂರು ಪಟ್ಟು. ದುಡ್ಡು ಹೋದ ಕೂಡ್ಲೇ 1930ಕ್ಕೆ ಫೋನ್ ಮಾಡ್ಬೇಕು, ಮೊದಲ ಗಂಟೇಲಿ ಮಾಡಿದ್ರೆ ಮಧ್ಯದ ಅಕೌಂಟಲ್ಲಿ ತಡೆ ಹಾಕೋ ಛಾನ್ಸ್ ಜಾಸ್ತಿ. ಇಲ್ಲೇ ಇರೋದು ನಮ್ಮ ಫಜೀತಿ. ಕಳ್ಳ ಬರೋದು ಮನೆ ವೈಫೈ ಮೇಲೆ, ಚೆನ್ನಾಗೇ ಬರ್ತಾನೆ. 1930ಕ್ಕೆ ಮಾಡ್ಬೇಕು ಅಂದ್ರೆ ಮೊಬೈಲ್ ಸಿಗ್ನಲ್ ಬೇಕು, ಅದಕ್ಕೆ ಮನೆಯಿಂದ ಗುಡ್ಡ ಹತ್ತಿ ಗೇರುಮರದ ಹತ್ರ ನಿಲ್ಬೇಕು. ಎಪ್ಪತ್ತೊಂದು ವರ್ಷದೋರು.

ಭಾವ ಹತ್ಲಿಲ್ಲ ಬಿಡಿ. ನಾಲ್ಕು ದಿನ ಯಾರಿಗೂ ಹೇಳ್ಲಿಲ್ಲ. ತಡವಾದದ್ದಕ್ಕೆ ಕಾರಣ ಅನ್ನೋ ಕಾಲಂನಲ್ಲಿ ವಿಷಯ ತಡವಾಗಿ ತಿಳಿದುಬಂದಿದ್ದರಿಂದ ಅಂತ ನಾನೇ ಬರೆಸಿದೆ, ಸುಳ್ಳದು. ನಿಜವಾದ ಕಾರಣ ಮರ್ಯಾದೆ. ಮೇಷ್ಟ್ರಾಗಿ ಮೋಸ ಹೋದೆ ಅಂತ ಹೆಂಡತಿಗೆ ಹ್ಯಾಗೆ ಹೇಳೋದು ಅಂತ. ಆಮೇಲೆ ಮಗ ಬಂದ, ಒಳ್ಳೆ ಹುಡುಗನೇ, ಅಪ್ಪನ ಮೇಲೆ ಪ್ರೀತಿ ಇದೆ, ಆದ್ರೆ ಬಂದೋನು ಪಾಸ್‌ಬುಕ್, ಎಟಿಎಂ ಕಾರ್ಡು ಎಲ್ಲಾ ತಗೊಂಡು ಹೋದ, ಸ್ಮಾರ್ಟ್‌ಫೋನ್ ತೆಗೆದು ಕೀಪ್ಯಾಡ್ ಸೆಟ್ ಕೊಟ್ಟ. ಈಗ ಭಾವ ಪೇಟೆಗೆ ಹೋಗಿ ಗೊಬ್ಬರ ತರ್ಬೇಕಾದ್ರೂ ಮಗನಿಗೆ ಫೋನ್ ಮಾಡಿ ಕೇಳ್ಬೇಕು. ಆ ಪೋಕ್ಸೊ ಹುಡುಗಿಗೆ ಶಾಲೆ ಬಿಡಿಸಿದ್ದಕ್ಕೂ ಇದಕ್ಕೂ ನಂಗೆ ದೊಡ್ಡ ವ್ಯತ್ಯಾಸ ಕಾಣಲ್ಲ. ದುಡ್ಡು ಹೋಗಿದ್ದು ಒಂದು ಸಲ, ಯಜಮಾನಿಕೆ ಹೋಗಿದ್ದು ಪೂರ್ತಿ.

ಗಂಡಸರು ಕೂತಿದೀರಿ, ನಮ್ಮ ವಿಷ್ಯ ಇಲ್ವಾ ಅಂತೀರಿ. ಇದೆ. ದೇಶದಲ್ಲಿ ಕೊಲೆಯಾಗೋರಲ್ಲಿ ಹತ್ತಕ್ಕೆ ಸುಮಾರು ಏಳು ಜನ ಗಂಡಸರೇ. 2022ರಲ್ಲಿ 28,522 ಕೊಲೆ ಕೇಸು, ಅದ್ರಲ್ಲಿ ಹತ್ತು ಸಾವಿರದಷ್ಟು ಬರೀ ಜಗಳ ತಕರಾರಿಂದ ಆಗಿದ್ದು. ನಮ್ಮ ಕಡೆ ಅದು ಬೇಲಿ ಗೂಟ, ಅಬ್ಬಿ ನೀರು, ಬಗರ್‌ಹುಕುಂ ಜಾಗ. ಅಣ್ಣನ ಮಗ ತಮ್ಮನ ಮಗ. ಕೋರ್ಟಿನ ಜಗಲೀಲಿ ಸತ್ತೋನ ಹೆಂಡತಿ ಆ ಬೆಂಚಲ್ಲಿ, ಕೊಂದೋನ ಹೆಂಡತಿ ಈ ಬೆಂಚಲ್ಲಿ, ಇಬ್ರೂ ಓರಗಿತ್ತಿಯರು, ಇಬ್ರೂ ಅಡಿಕೆ ಸುಲಿಯೋ ಕೂಲಿ ಬಿಟ್ಟು ಬಂದಿರ್ತಾರೆ. ಸತ್ತೋನ ವಾರಸುದಾರರೂ ಕಾನೂನಿನ ಪ್ರಕಾರ ನೊಂದವರೇ, ಅವರಿಗೂ ಪರಿಹಾರ ಇದೆ. ಇನ್ನೊಬ್ಳಿಗೆ ಏನೂ ಇಲ್ಲ, ಅವಳು ಯಾವ ಪಟ್ಟೀಲೂ ಬರಲ್ಲ.

ಪಟ್ಟೀಲಿ ಬರದೇ ಇರೋರು ಇನ್ನೂ ಇದಾರೆ. ಅಂಗವಿಕಲರ ಮೇಲಿನ ಅಪರಾಧ ಅಂತ ಆ ಎನ್‌ಸಿಆರ್‌ಬಿ ವರದೀಲಿ ಬೇರೆ ಅಧ್ಯಾಯನೇ ಇಲ್ಲ. ತೃತೀಯ ಲಿಂಗಿಗಳಿಗೆ 2019ರಲ್ಲಿ ಕಾನೂನು ಮಾಡಿದ್ರು, ಅವರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ರೆ ಆ ಕಾನೂನಲ್ಲಿ ಹೆಚ್ಚೆಂದ್ರೆ ಎರಡು ವರ್ಷ. ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದ್ರೆ ಕಮ್ಮಿ ಅಂದ್ರೆ ಹತ್ತು ವರ್ಷ. ಲೆಕ್ಕ ನೀವೇ ಹಾಕಿ.

ಟೈಂ ಆಯ್ತು ಅಂತ ಚೀಟಿ ಬಂತು. ಕೆಲಸಕ್ಕೆ ಬರೋದು ಎರಡು ಹೇಳಿ ಬಿಡ್ತೀನಿ. ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿ, ಅಂಗವಿಕಲರು, ಇವರಿಗೆಲ್ಲ ಆದಾಯ ಎಷ್ಟೇ ಇರ್ಲಿ ಸರ್ಕಾರದಿಂದ ಪುಕ್ಕಟೆ ವಕೀಲರು ಸಿಗ್ತಾರೆ, 15100ಕ್ಕೆ ಫೋನ್ ಮಾಡಿ ಇಲ್ಲ ಯಾವ ಕೋರ್ಟಿಗಾದ್ರೂ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಆರೋಪಿ ಸಿಗದೇ ಇದ್ರೂ ನೊಂದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಹಾರಕ್ಕೆ ಅರ್ಜಿ ಹಾಕ್ಬಹುದು, ಕೇಸು ಮುಗಿಯೋ ತನಕ ಕಾಯ್ಬೇಕಾಗಿಲ್ಲ, ಮಧ್ಯಂತರ ಪರಿಹಾರನೂ ಇದೆ. ಯಾವ ಠಾಣೆಗೆ ಬೇಕಾದ್ರೂ ಹೋಗಿ ಝೀರೊ ಎಫ್‌ಐಆರ್ ಮಾಡಿಸ್ಬಹುದು, ನಮ್ಮ ಸರಹದ್ದಲ್ಲ ಅನ್ನಂಗಿಲ್ಲ. ಎಫ್‌ಐಆರ್ ಕಾಪಿ ಪುಕ್ಕಟೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ನಿಮಗೆ ತಿಳಿಸ್ಬೇಕು ಅಂತ ಹೊಸ ಕಾನೂನಲ್ಲಿದೆ, ತಿಳಿಸ್ದಿದ್ರೆ ನೀವೇ ಹೋಗಿ ಕೇಳಿ, ಕೇಳೋದು ತಪ್ಪಲ್ಲ.

ಇಷ್ಟು ಹೇಳಿ ಕೂತೆ. ಒಬ್ಬ ಹುಡುಗ ಕೋಳಿ ಅಜ್ಜಿ ಕಥೆ ಏನಾಯ್ತು ಸಾರ್ ಅಂತ ಕೇಳಿದ. ಮ್ಯಾಜಿಸ್ಟ್ರೇಟರು ತನಿಖೆ ಮಾಡಿ ಅಂತ ಆರ್ಡರ್ ಮಾಡಿದ್ರು, ಅಷ್ಟೊತ್ತಿಗೆ ಜಾತ್ರೆ ಮುಗ್ದು ಕೋಳಿ ಸಾರಾಗಿ ತಿಂಗಳಾಗಿತ್ತು ಅಂದೆ, ಎಲ್ರೂ ನಕ್ರು, ನಾನೂ ನಕ್ಕೆ, ಆಮೇಲೆ ಯಾಕೋ ಸರಿ ಅನ್ಸ್ಲಿಲ್ಲ.

ಕಾರ್ಯಕ್ರಮ ಮುಗಿದು ಕುರ್ಚಿ ಜೋಡಿಸ್ತಾ ಇದ್ರು. ಸಂಘದ ಒಬ್ಬ ಹೆಂಗಸು, ನಲವತ್ತು ಇರ್ಬಹುದು, ಚಹಾ ಲೋಟ ಹಿಡ್ಕೊಂಡು ಬಂದು ಪಕ್ಕ ನಿಂತ್ರು. ಅಣ್ಣ, ಆ ತಡವಾದದ್ದಕ್ಕೆ ಕಾರಣ ಅಂದ್ರಲ್ಲ, ಆ ಕಾಲಂನಲ್ಲಿ ಎಷ್ಟು ಜಾಗ ಇರತ್ತೆ ಅಂದ್ರು. ಒಂದೂವರೆ ಗೆರೆ ಅಂದೆ. ಸಾಕಾಗಲ್ಲ ಅಂದ್ರು. ಕೂತ್ಕೊಳಮ್ಮ ಅಂತ ಕುರ್ಚಿ ಎಳೆದು, ಕಿಸೇಲಿದ್ದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರ್ಕೊಳ್ಳೋಕೆ ಶುರು ಮಾಡಿದೆ. ಅದು ತುಂಬಿದ ಮೇಲೆ ಕುರ್ಚಿ ಎತ್ತಿಡ್ತಿದ್ದ ಕಾಲೇಜು ಹುಡುಗಿ ತನ್ನ ನೋಟ್‌ಬುಕ್ಕಿಂದ ನಾಲ್ಕು ಹಾಳೆ ಹರಿದು ಕೊಟ್ಲು.